ಪರದೇಶಕ್ಕೆ ಹೋಗುವ ಔಷಧ

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಕಟ್ಟಿದವರು ಹೈದರಾಬಾದಿನ ಔಷಧ ಕಾರ್ಖಾನೆಗಳ ಜೀಡಿಮೆಟ್ಲಾ ನೋಡಿದವರಲ್ಲ. ಅಲ್ಲಿ ಹಿತ್ತಲೆಂದರೇ ಮದ್ದು. ಬಾಗಿಲು ತೆರೆದರೆ ಮದ್ದಿನ ವಾಸನೆ, ಕದ ಹಾಕಿದರೂ ಮದ್ದಿನ ವಾಸನೆ. ಹೊಸದಾಗಿ ಬಂದವರು ಮೂಗಿಗೆ ಸೆರಗು ಹಿಡಿದರೆ ಹಳಬರು ನಗುತ್ತಾರೆ. ಆರು ತಿಂಗಳು ಕಳೆದ ಮೇಲೆ ಅವರಿಗೂ ಆ ವಾಸನೆ ಬರುವುದು ನಿಂತು, ಅವರೂ ಹಳಬರಾಗುತ್ತಾರೆ.

ಅಮೃತಪ್ಪ ಹಾಗೆ ಹಳಬನಾಗಿ ಬಹಳ ಕಾಲವಾಗಿತ್ತು. ಸುರಪುರದ ಕಡೆಯವನು. ಹೆಂಡತಿ ಶಿವದೇವಿಯನ್ನೂ ಕೂಸಾಗಿದ್ದ ಮಗ ಚೇತನಕುಮಾರನನ್ನೂ ಕರೆದುಕೊಂಡು ಹೈದರಾಬಾದಿಗೆ ಬಂದವನು ಮೊದಲು ಗಾರೆ ಹೊತ್ತ, ಆಮೇಲೆ ಒಂದು ಔಷಧ ಕಂಪನಿಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿದ. ಅಲ್ಲಿ ಗುಳಿಗೆಗಳನ್ನು ಪಟ್ಟಿಗೆ ಹೊಂದಿಸುವ ಒಂದು ಯಂತ್ರವಿತ್ತು. ಹೊಸ ಸೊಸೆಯ ಹಾಗೆ ಅದಕ್ಕೆ ಮಾತುಮಾತಿಗೆ ಮುನಿಸು. ಮುನಿದಾಗ ಪಟ್ಟಿಯನ್ನು ಓರೆಯಾಗಿ ಕತ್ತರಿಸುತ್ತಿತ್ತು, ಇಲ್ಲವೇ ಹೆಸರಿನ ಮೇಲೆ ಮಸಿ ಬಳಿಯುತ್ತಿತ್ತು. ಅಂಥ ಪಟ್ಟಿಗಳನ್ನು ಸುಟ್ಟುಬಿಡಬೇಕೆಂಬುದು ಕಂಪನಿಯ ನಿಯಮ, ಸುಡುವುದು ಅಮೃತಪ್ಪನ ಕೆಲಸ. ಅವನಿಗೆ ಅದು ಒಗ್ಗಲಿಲ್ಲ. ಅಂಗಿ ಹರಿದಿದೆ ಎಂದು ಮನುಷ್ಯನನ್ನು ಸುಡುತ್ತಾರೆಯೇ? ಒಳಗಿನ ಗುಳಿಗೆ ಒಳ್ಳೆಯದೇ ಇತ್ತಲ್ಲ. ಅರ್ಧ ಸುಟ್ಟ, ಅರ್ಧ ಬುತ್ತಿಡಬ್ಬಿಯಲ್ಲಿ ಮನೆಗೆ ತಂದ. ಕಂಪನಿಯಲ್ಲಿ ನೋಡಿದವರು ನೋಡದವರಂತೆ ಇದ್ದರು, ಯಾಕೆಂದರೆ ಅವರ ಬುತ್ತಿಡಬ್ಬಿಗಳೂ ಖಾಲಿ ಹೋಗುತ್ತಿರಲಿಲ್ಲ.

ಈ ಗುಳಿಗೆಗಳಿಗೆ ಓಣಿಯವರು 'ಒಡಕು' ಎಂದು ಹೆಸರಿಟ್ಟರು. ಓಣಿಯಲ್ಲಿದ್ದವರೆಲ್ಲ ಸುರಪುರ, ಶಹಾಪುರ, ಲಿಂಗಸೂಗೂರು ಕಡೆಯಿಂದ ಕೂಲಿಗೆ ಬಂದವರು. ಒಬ್ಬರಿಗೆ ಕೆಮ್ಮು, ಒಬ್ಬರಿಗೆ ಭೇದಿ, ಒಬ್ಬರ ಕೂಸಿಗೆ ಜ್ವರ. ದವಾಖಾನೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಅಮೃತಪ್ಪನ ಮನೆಗೆ ಹೋದರೆ ಗುಳಿಗೆಯ ಜೊತೆಗೆ ಒಂದು ಚಹಾ. ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವುದು ಲೋಕದ ರೀತಿ. ಅವರು ಊರಿಗೆ ಹೋಗುವಾಗ ನಿಜವಾಗಿಯೂ ಅಪ್ಪನಿಗೂ ಒಯ್ಯುತ್ತಿದ್ದರು.

ಕೊಡುವ ಕೈ ಶಿವದೇವಿಯದು. ಅವಳಿಗೆ ಕೊಡುವುದೆಂದರೆ ಹಬ್ಬ. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಹೆಣ್ಣುಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಹಾಕಿ, ಮೇಲೆ ಒಂದು ಪಟ್ಟಿ ಕೆಂಪು-ಹಳದಿ ಗುಳಿಗೆಯನ್ನೂ ಇಡುತ್ತಿದ್ದಳು. "ಕೂಸಿಗೆ ಮೈ ಬೆಚ್ಚಗಾದ್ರ ಅರ್ಧ ಬಿಚ್ಚಿ ಜೇನಿನಾಗ ಕಲಿಸಿ ನೆಕ್ಕಸವ್ವಾ" ಎಂದು ಕಿವಿಯಲ್ಲಿ ಹೇಳುತ್ತಿದ್ದಳು. ಕೆಲವು ವರ್ಷಗಳಲ್ಲಿ ಇದು ಓಣಿಯ ಪದ್ಧತಿಯೇ ಆಗಿ, ಗುಳಿಗೆ ಇಲ್ಲದ ಉಡಿ ಅರ್ಧ ಉಡಿ ಎಂದು ಮುದುಕಿಯರು ಮೂಗು ಮುರಿಯುವಂತಾಯಿತು.

ನುಂಗುವುದಕ್ಕೂ ಒಂದು ಪದ್ಧತಿ ಇತ್ತು. ಎರಡು ನುಂಗುವುದು. ಬಿಟ್ಟರೆ ಸರಿ, ಬಿಡದಿದ್ದರೆ ಇನ್ನೆರಡು. ಮೈ ಹಗುರಾದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಮುಂದಿನವರಿಗೆ ಎತ್ತಿಡುವುದು. ಅನ್ನ ಚೆಲ್ಲಬಾರದು, ಔಷಧ ಮುಗಿಸಬಾರದು. ಇದನ್ನು ಕೇಳಿ ಓದಿದವರು ಹಲ್ಲು ಕಡಿಯಬಹುದು. ಕಡಿಯಲಿ. ಅವರ ಮನೆಯ ಕಪಾಟಿನಲ್ಲೂ ಅರ್ಧ ಉಳಿದ ಪಟ್ಟಿಗಳಿವೆ, ಹೋಗಿ ನೋಡಿಕೊಳ್ಳಲಿ.

ಶಿವದೇವಿ ಕೂಲಿಗೆ ಹೋಗುತ್ತಿದ್ದುದು ಮೆಹದಿಪಟ್ಟಣಂ ಆಚೆ ಏಳುತ್ತಿದ್ದ ದೊಡ್ಡ ಕಟ್ಟಡಗಳಿಗೆ. ಮೂವತ್ತು ಅಂತಸ್ತಿನ ಕಟ್ಟಡ, ಮನೆಗೆ ಮೂರು ಬಚ್ಚಲು. ಕಟ್ಟುವ ಹೆಂಗಸರಿಗೆ ಒಂದೂ ಇಲ್ಲ. ಗಂಡಸರಿಗೇನು, ಗೋಡೆ ಕಂಡಲ್ಲಿ ಆಯಿತು. ಹೆಂಗಸರು ಬೆಳಿಗ್ಗೆ ಮನೆ ಬಿಟ್ಟರೆ ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ತಡೆದುಕೊಳ್ಳುವುದು ಕಷ್ಟವೆಂದು ನೀರನ್ನೇ ಕುಡಿಯುತ್ತಿರಲಿಲ್ಲ. ಹೀಗಾಗಿ ಶಿವದೇವಿಗೆ ಉರಿಮೂತ್ರದ ಕಾಟ ಹತ್ತಿತು. ವರ್ಷಕ್ಕೊಮ್ಮೆ ಬರುತ್ತಿದ್ದುದು ಆಮೇಲೆ ಹಬ್ಬಕ್ಕೊಮ್ಮೆ ಬಂತು. ಬಂದಾಗಲೆಲ್ಲ ಎರಡು ಒಡಕು ನುಂಗಿ, ಮರುದಿನ ಬುಟ್ಟಿ ಹೊತ್ತಳು.

"ದವಾಖಾನಿಗೆ ತೋರಸೂಣೇನು?" ಎಂದು ಅಮೃತಪ್ಪ ಒಮ್ಮೆ ಕೇಳಿದ್ದ.

"ಅಕ್ಕಸಾಲಿ ಹೆಂಡತಿ ಆಗಿ ಮಂದಿ ಮನಿಗೆ ಬಂಗಾರ ಕೇಳಾಕ ಹೋಗ್ಲೇನ್ರಿ?" ಎಂದು ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ. ಒಳಗೊಳಗೆ ಹೆಮ್ಮೆಯೂ ಆಗಿತ್ತು ಅನ್ನಿ.

ಈ ಸಲ ಸಂಕ್ರಾಂತಿಯ ಮರುದಿನ ಅವಳಿಗೆ ಚಳಿಜ್ವರ ಬಂತು. ಸೊಂಟದ ಮೇಲೆ, ಬೆನ್ನಿನ ಬಲಕ್ಕೆ, ಯಾರೋ ಒನಕೆಯಿಂದ ಕುಟ್ಟಿದಂಥ ನೋವು. ಎರಡು ನುಂಗಿದಳು. ಬಿಡಲಿಲ್ಲ. ಇನ್ನೆರಡು ನುಂಗಿದಳು. ಅಮೃತಪ್ಪ ಬೇರೆ ಬಣ್ಣದ್ದು ತಂದು ಕೊಟ್ಟ, ದೊಡ್ಡದು ತಂದು ಕೊಟ್ಟ. ಮನೆಯಲ್ಲಿ ಇದ್ದಬದ್ದ ಬಣ್ಣಗಳನ್ನೆಲ್ಲ ನುಂಗಿ ನೋಡಿದ್ದಾಯಿತು. ಕೊನೆಗೆ ಅವಳು ಮಗನನ್ನು ಗುರುತಿಸದೆ, ತೀರಿಹೋದ ತನ್ನ ಅಣ್ಣನ ಹೆಸರು ಹಿಡಿದು ಕರೆಯತೊಡಗಿದಾಗ ಚೇತನಕುಮಾರ ಆಟೊ ತಂದ.

ನಾಂಪಲ್ಲಿ ದಾಟಿ ಹೋದರೆ ಒಂದು ದೊಡ್ಡ ಸರಕಾರಿ ದವಾಖಾನೆ. ಅಲ್ಲಿ ಸೇರಿಸಿಕೊಂಡರು. ಬಾಟಲಿ ಏರಿಸಿದರು, ಮೂಗಿಗೆ ಆಮ್ಲಜನಕದ ನಳಿಗೆ ಇಟ್ಟರು. ಎರಡು ದಿನ ಸ್ವಲ್ಪ ಗೆಲುವಾದಳು, ಗಂಡನಿಗೆ "ಗಡ್ಡ ಬೋಳಿಸ್ಕೊಂಡು ಬರ್ರಿ, ದವಾಖಾನಿ ಮಂದಿ ನಿಮ್ಮನ್ನ ರೋಗಿ ಅಂದಾರು" ಎಂದು ಚೇಷ್ಟೆಯನ್ನೂ ಮಾಡಿದಳು. ಮತ್ತೆ ಜ್ವರ ಏರಿತು. ಔಷಧ ಬದಲಾಯಿಸಿದರು. ಇಳಿಯಲಿಲ್ಲ. ಮತ್ತೊಮ್ಮೆ ಬದಲಾಯಿಸಿದರು.

ವಾರ್ಡಿನ ಡಾಕ್ಟರಮ್ಮ ಶರ್ವರಿ, ಕಲಬುರಗಿಯ ಹುಡುಗಿ. ಅಮೃತಪ್ಪ ಮಗನನ್ನು ಕನ್ನಡದಲ್ಲಿ ಬೈಯುವುದನ್ನು ಕೇಳಿ ಮೊದಲ ದಿನವೇ "ನಮ್ಮ ಕಡೆಯವ್ರೇನ್ರಿ ಕಾಕಾ?" ಎಂದು ಮಾತನಾಡಿಸಿದ್ದಳು. ಊರಿನ ಮಾತು ಕೇಳಿ ಅವನಿಗೆ ಅರ್ಧ ರೋಗ ವಾಸಿಯಾದಂತೆ ಅನಿಸಿತ್ತು. ತನ್ನ ಕೆಲಸ, ಕಂಪನಿ, ಒಡಕು ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟಿದ್ದ. ಶಿವದೇವಿ ಏನೇನು ನುಂಗಿದ್ದಾಳೆ ಎಂದು ಕೇಳಿದಾಗ ಬಣ್ಣ ಹೇಳಿದ. ಶರ್ವರಿ ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ನಡುವೆ ಪೆನ್ನು ನಿಲ್ಲಿಸಿ ಅವನ ಮುಖ ನೋಡಿದ್ದಳು.

ಔಷಧ ಕಡೆಯ ಸಲ ಬದಲಾಯಿಸಿದ ಮರುದಿನ ಬೆಳಿಗ್ಗೆ ಅವಳು ಅವನನ್ನು ವರಾಂಡಕ್ಕೆ ಕರೆದಳು.

"ಕಾಕಾ, ಮೂತ್ರದ ರಿಪೋರ್ಟ್ ಬಂತು. ನಾವು ಕೊಟ್ಟ ಯಾವ ಔಷಧನೂ ನಾಟವಲ್ದು. ಒಂದು ಉಳಿದೈತಿ, ಹಳೇದು. ಕಿಡ್ನಿಗೆ ಪೆಟ್ಟು ಕೊಡುವಂಥದ್ದು. ನಿನ್ನೆಯಿಂದ ಅದನ್ನ ಹಾಕಾಕತ್ತೀವಿ. ಆದ್ರ ಬಿ.ಪಿ. ಇಳಿಯಾಕತ್ತೈತಿ."

"ಅಂದ್ರ, ತಾಯಿ?"

"ಅಂದ್ರ ಮನಸು ಗಟ್ಟಿ ಮಾಡ್ಕೋರಿ."

ಅಷ್ಟರಲ್ಲಿ ನರ್ಸ್ ಕೂಗಿದಳು, ಶರ್ವರಿ ಓಡಿಹೋದಳು. ಅಮೃತಪ್ಪ ಅಲ್ಲೇ ನಿಂತ. ಅವನ ತಲೆಯಲ್ಲಿ ಮನಸು ಗಟ್ಟಿ ಮಾಡಿಕೊಳ್ಳುವ ಮಾತು ಉಳಿಯಲಿಲ್ಲ. ಔಷಧ ನಾಟುತ್ತಿಲ್ಲ ಎನ್ನುವುದು ಉಳಿಯಿತು. ಔಷಧದ ವಿಷಯ ಅವನಿಗೆ ತಿಳಿಯದ್ದೇ? ಬಾಟಲಿ ತೂಗುವ ಕಂಬದ ಬುಡದಲ್ಲಿ ಬಿದ್ದಿದ್ದ ಖಾಲಿ ಸೀಸೆಗಳನ್ನು ಅವನು ಮೊದಲೇ ನೋಡಿದ್ದ. ಅಗ್ಗದ ಕಾಗದ, ಮಾಸಿದ ಅಕ್ಷರ. ಎಲ್ಲಿಯ ಮಾಲೋ!

ಕಂಪನಿಯಲ್ಲಿ ಕಸ ಗುಡಿಸುವವನಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ನಂಬಿದ ಒಂದು ಮಾತಿತ್ತು. ಪರದೇಶಕ್ಕೆ ಹೋಗುವ ಔಷಧವೇ ಬೇರೆ, ಇಲ್ಲಿ ಮಾರುವ ಔಷಧವೇ ಬೇರೆ. ಪರದೇಶದ ಮಾಲು ತಯಾರಾಗುವ ಕಟ್ಟಡಕ್ಕೆ ಬಿಳಿ ಹಾಸುಗಲ್ಲು, ತಣ್ಣನೆಯ ಗಾಳಿ. ಒಳಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಹೋಗುತ್ತಾರೆ. ಆ ಔಷಧಕ್ಕೆ ಕಸುವು ಜಾಸ್ತಿ, ಒಂದು ಸೂಜಿ ಚುಚ್ಚಿದರೆ ಸತ್ತವನೂ ಎದ್ದು ಕೂರುತ್ತಾನೆ ಎಂದು ಊಟದ ಹೊತ್ತಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆ ಕಟ್ಟಡದ ಒಡಕು ಹೊರಗೆ ಬರುತ್ತಿರಲಿಲ್ಲ. ಅಮೃತಪ್ಪ ಇಷ್ಟು ವರ್ಷದಲ್ಲಿ ಅದನ್ನು ಮುಟ್ಟಿ ಸಹ ನೋಡಿರಲಿಲ್ಲ.

"ಅವ್ವನ ಹತ್ರ ಕುಂದ್ರು. ಎಲ್ಲಿಗೂ ಹೋಗಬ್ಯಾಡ" ಎಂದು ಮಗನಿಗೆ ಹೇಳಿದ. ಚೇತನಕುಮಾರ ಮೆಹದಿಪಟ್ಟಣಂನಲ್ಲಿ ಮೊಬೈಲ್ ಅಂಗಡಿಯ ಕೆಲಸ ಬಿಟ್ಟು ಬಂದು ತಾಯಿಯ ಮಂಚಕ್ಕೆ ಅಂಟಿಕೊಂಡಿದ್ದ.

"ಎಲ್ಲಿಗೆ ಹೊಂಟೀಯಪ್ಪಾ?"

"ಔಷಧ ತರಾಕ" ಎಂದ ಅಮೃತಪ್ಪ. ಎಷ್ಟೋ ದಿನದ ಮೇಲೆ ಅವನ ದನಿಯಲ್ಲಿ ಒಂದು ಗಟ್ಟಿತನ ಬಂದಿತ್ತು.

ಜೀಡಿಮೆಟ್ಲಾದಲ್ಲಿ ಬಸ್ಸಿಳಿದವನು ಕಂಪನಿಯ ಗುರುತಿನ ಚೀಟಿಗೆಂದು ಮೊದಲು ಮನೆಗೆ ಹೋದ. ಕದ ತೆರೆಯುವುದರೊಳಗೆ ಪಕ್ಕದ ಮನೆಯ ಅಂಬುಬಾಯಿ ಬಂದು ನಿಂತಳು. ಕಂಕುಳಲ್ಲಿ ಮೊಮ್ಮಗ, ಮೂಗು ಸೋರುತ್ತಿತ್ತು, ಕೆನ್ನೆ ಕೆಂಪಾಗಿತ್ತು.

"ಶಿವದೇವಿ ಹ್ಯಾಂಗದಾಳ ಅಣ್ಣಾ? ಓಣಿಗೆ ಓಣಿನೇ ಕಳೆ ಹೋದಂಗ ಆಗೇತಿ ನೋಡು. ಈ ಹುಡುಗಗ ನಿನ್ನಿಯಿಂದ ಮೈಯೆಲ್ಲ ಕೆಂಡ. ಎರಡು ಒಡಕು ಇದ್ರ ಕೊಡು."

ಅಮೃತಪ್ಪ ಒಡಕಿನ ಡಬ್ಬಿಯಿಂದ ಕೈಗೆ ಸಿಕ್ಕ ಪಟ್ಟಿ ತೆಗೆದು ಕೊಟ್ಟ. "ಕಸುವಿನ ಔಷಧ ತರಾಕ ಹೊಂಟೀನಿ ಅಂಬಕ್ಕ. ನಾಳಿಗೆ ಎದ್ದು ಕುಂದರ್ತಾಳ" ಎಂದ. ಅಂಬುಬಾಯಿ ಅವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಕಂಪನಿಯ ಮ್ಯಾನೇಜರ್ ಕೌಶಲ್, ಉತ್ತರದ ಕಡೆಯ ಹುಡುಗ, ವಯಸ್ಸಿನಲ್ಲಿ ಚೇತನಕುಮಾರನಿಗಿಂತ ಸ್ವಲ್ಪ ದೊಡ್ಡವನು ಅಷ್ಟೇ. ಅಮೃತಪ್ಪ ಅವನ ಮೇಜಿನ ಮುಂದೆ ಕೈ ಮುಗಿದು, ತನ್ನ ಹರಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದ. ಹೆಂಡತಿಯ ಸ್ಥಿತಿ, ನಾಟದ ಔಷಧ, ಪರದೇಶದ ಮಾಲು. ದವಾಖಾನೆಯಲ್ಲಿ ಮೊದಲು ಕೊಟ್ಟ ಸೂಜಿ ಔಷಧದ ಹೆಸರನ್ನೂ ಹೇಳಿದ. ಅದೇ ಹೆಸರಿನದು ಇಲ್ಲಿಯೂ ಸೀಸೆಗಳಲ್ಲಿ ತುಂಬಿ ಹಡಗು ಹತ್ತುತ್ತಿತ್ತು.

"ಚಾಚಾ, ಎರಡೂ ಒಂದೇ ಪುಡಿ. ಡಬ್ಬಿ ಮಾತ್ರ ಬೇರೆ" ಎಂದ ಕೌಶಲ್, ಮೆತ್ತಗೆ.

ದೊಡ್ಡವರು ಹೀಗೇ ಹೇಳುತ್ತಾರೆ ಎಂದು ಅಮೃತಪ್ಪನಿಗೆ ಗೊತ್ತಿತ್ತು. ಅವನು ಬಗ್ಗಿ ಆ ಹುಡುಗನ ಬೂಟಿನ ಮೇಲೆ ಹಣೆ ಇಟ್ಟ. ಕೌಶಲ್ ಹೌಹಾರಿ ಕಾಲು ಹಿಂದಕ್ಕೆ ಎಳೆದುಕೊಂಡ. ಅವನನ್ನು ಎಬ್ಬಿಸಿ ಕೂಡಿಸಿ, ನೀರು ಕೊಟ್ಟ. ಆಮೇಲೆ ಎದ್ದುಹೋಗಿ ಒಂದು ಡಬ್ಬಿ ತಂದು ಅವನ ಮಡಿಲಲ್ಲಿಟ್ಟ. ನೀಲಿ ಅಂಚಿನ ಬಿಳಿ ಡಬ್ಬಿ. ಒಳಗೆ ಹತ್ತು ಸೀಸೆ, ಅವುಗಳ ಮೇಲೆ ಅಮೃತಪ್ಪನಿಗೆ ಓದಲು ಬಾರದ ಯಾವುದೋ ದೇಶದ ಲಿಪಿ. ಕೌಶಲ್ ಗೇಟಿನವರೆಗೂ ಜೊತೆಗೇ ಬಂದು ಕಾವಲುಗಾರನಿಗೆ ಹೇಳಿ ಹೊರಗೆ ಕಳಿಸಿದ. ಆ ಹುಡುಗ ಕೆಟ್ಟವನಾಗಿದ್ದರೆ ಬೈದಾದರೂ ಸಮಾಧಾನ ಪಡಬಹುದಿತ್ತು. ಈ ಕಥೆಯಲ್ಲಿ ಬೈಯಲು ಒಬ್ಬರೂ ಸಿಗುವುದಿಲ್ಲ.

ಬಸ್ಸು ನಾಂಪಲ್ಲಿಯ ಹತ್ತಿರ ನಿಂತೇಬಿಟ್ಟಿತು. ಜನವರಿ ತಿಂಗಳು, ವರ್ಷಕ್ಕೊಮ್ಮೆ ಬರುವ ದೊಡ್ಡ ವಸ್ತುಪ್ರದರ್ಶನ ನುಮಾಯಿಶ್ ನಡೆದಿತ್ತು. ಹೆಂಡತಿ-ಮಕ್ಕಳನ್ನು ಕರೆದುಕೊಂಡು ಊರಿಗೆ ಊರೇ ಅಲ್ಲಿಗೆ ಹೊರಟಿತ್ತು. ಅಮೃತಪ್ಪ ಬಸ್ಸಿನಿಂದ ಧುಮುಕಿ ನಡೆದ. ಅಂಗಿಯೊಳಗೆ ಡಬ್ಬಿ ಇಟ್ಟುಕೊಂಡು, ಎರಡೂ ಕೈಗಳಿಂದ ಎದೆಗೆ ಒತ್ತಿಕೊಂಡು, ಗುಂಪಿನ ವಿರುದ್ಧ ದಿಕ್ಕಿಗೆ ನುಗ್ಗಿದ. ಬಲೂನು ಹಿಡಿದ ಕೂಸೊಂದು ಅಡ್ಡ ಬಂತು, ತಪ್ಪಿಸಿದ. ಯಾರೋ "ದೇಖ್ ಕೇ ಚಲೋ" ಎಂದು ಗದರಿದರು. ಅವನಿಗೆ ಸಿಟ್ಟು ಬರಲಿಲ್ಲ. ಅವಳು ಎದ್ದು ಕೂತ ಮೇಲೆ ಒಂದು ದಿನ ಇಲ್ಲಿಗೆ ಕರೆದುಕೊಂಡು ಬರಬೇಕು, ಎಷ್ಟೋ ವರ್ಷದಿಂದ ನುಮಾಯಿಶ್ ತೋರಿಸ್ರಿ ಎನ್ನುತ್ತಿದ್ದಾಳೆ ಎಂದುಕೊಂಡ. ಬೆವರುತ್ತ ಏದುಸಿರು ಬಿಡುತ್ತ ನಡೆಯುತ್ತಿದ್ದ ಆ ಹೊತ್ತಿನಲ್ಲಿ ಇಡೀ ಹೈದರಾಬಾದಿನಲ್ಲಿ ಅವನಷ್ಟು ಸುಖಿ ಇನ್ನೊಬ್ಬನಿರಲಿಲ್ಲ.

ಶರ್ವರಿ ವಾರ್ಡಿನ ಬಾಗಿಲಲ್ಲೇ ಸಿಕ್ಕಳು. ಅವನು ಡಬ್ಬಿಯನ್ನು ಎರಡೂ ಕೈಯಿಂದ ಅವಳ ಮುಂದೆ ಹಿಡಿದ.

"ತಾಯಿ, ಇದು ಪರದೇಶದ್ದು. ಅಸಲಿ ಮಾಲು. ಇದನ್ನ ಹಾಕ್ರಿ."

ಅವಳು ಡಬ್ಬಿ ತೆರೆದಳು. ಒಂದು ಸೀಸೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಅರಳುತ್ತದೆ ಎಂದು ಅಮೃತಪ್ಪ ಕಾದ. ಅವಳು ಸೀಸೆಯನ್ನು ತಿರುಗಿ ಅದರ ಗೂಡಿನಲ್ಲಿಟ್ಟು, ಪಕ್ಕದ ಬೆಂಚಿನ ಮೇಲೆ ಕೂತು, ಅವನನ್ನೂ ಕೂಡಿಸಿದಳು.

"ಭಾಳ ಚಲೋ ಔಷಧ ಇದು ಕಾಕಾ. ನಾವು ಮೊದಲಿಗೆ ಹಾಕಿದ್ದೂ ಇದೇ. ಅದೂ ಚಲೋದೇ ಇತ್ತು. ಔಷಧದಾಗ ಏನೂ ತಪ್ಪಿಲ್ಲ."

"ಮತ್ತ ನಾಟವಲ್ದು ಅಂದ್ರಿ?"

"ನಿಮ್ಮ ಊರಾಗ ಹತ್ತಿ ಬೆಳೀತಾರೇನ್ರಿ?"

"ಬೆಳೀತಾರ. ನಾನೂ ಮಾಡೀನಿ."

"ಹುಳಕ್ಕ ಎಣ್ಣಿ ಹೊಡೀತಿದ್ರಿ?"

"ಹೊಡೀತಿದ್ದೆ." ಅಮೃತಪ್ಪನಿಗೆ ಇದೆಲ್ಲ ಯಾಕೆ ಕೇಳುತ್ತಿದ್ದಾಳೆಂದು ತಿಳಿಯಲಿಲ್ಲ. ಆದರೂ ಹೇಳಿದ. "ಮೊದಲನೇ ವರ್ಷ ಎಲ್ಲ ಹುಳಾ ಸತ್ತು ಬಿದ್ವು. ಆಮ್ಯಾಲ ಅದೇ ಎಣ್ಣಿ ಹೊಡೆದ್ರ ಜಗ್ಗಲಿಲ್ಲ."

"ಎಣ್ಣಿ ಕೆಟ್ಟಿತ್ತೇನು?"

"ಇಲ್ಲ. ಹುಳಾ ರೂಢಿ ಆಗಿದ್ವು. ಸಾಯದೇ ಉಳದವು ಮರಿ ಹಾಕಿದ್ವು, ಅವಕ್ಕ ಎಣ್ಣಿ ಅಂದ್ರ..." ಅಲ್ಲಿಗೆ ಅವನ ಮಾತು ನಿಂತಿತು.

ಶರ್ವರಿ ಡಬ್ಬಿ ಮುಚ್ಚಿ ತಿರುಗಿ ಅವನ ಕೈಗೆ ಕೊಟ್ಟಳು. ಎರಡು ನುಂಗಿ ನಿಲ್ಲಿಸಿದಾಗಲೆಲ್ಲ ಸಾಯದೆ ಉಳಿದವು ಯಾವುವು, ಅವುಗಳ ಮರಿಗಳು ಈಗ ಎಲ್ಲಿವೆ ಎಂಬುದು ಹೊಲ ಮಾಡಿದವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಉರಿ ಇಷ್ಟು ಸುಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ನಾನ ಕೊಂದ್ನೇನು, ತಾಯಿ?"

"ಹಂಗ ಅನಬ್ಯಾಡ್ರಿ ಕಾಕಾ." ಅವಳ ದನಿ ಒಡೆದಿತ್ತು. "ನಾವೂ ಬೇಕಿದ್ರ, ಬ್ಯಾಡಿದ್ರ, ಚೀಟಿ ಹರಿದು ಬರೀತೀವಿ. ಅಂಗಡ್ಯಾಗ ಕೇಳಿದವ್ರಿಗೆಲ್ಲ ಕೊಡ್ತಾರ. ಕೋಳಿಗೆ ಹಾಕ್ತಾರ, ಕಂಪನಿಯವ್ರು ಮೋರಿಗೆ ಬಿಡ್ತಾರ. ಈ ವಾರ್ಡಿನಾಗ ಹಿಂಗ ಇನ್ನೂ ನಾಲ್ಕು ಮಂದಿ ಅದಾರ. ಅವರಿಗೆ ಯಾರು ಒಡಕು ಕೊಟ್ಟಾರ? ನಿಮಗೊಬ್ಬರಿಗೇ ಹ್ಯಾಂಗ ಹೊರಸಲಿ?"

ಸಮಾಧಾನಕ್ಕೆ ಹೇಳಿದಳೋ, ಸತ್ಯವನ್ನೇ ಹೇಳಿದಳೋ. ಎರಡರಿಂದಲೂ ಅವನಿಗೆ ಉಪಯೋಗವಾಗಲಿಲ್ಲ. ತಪ್ಪು ಊರಿನದೆಲ್ಲ ಆದರೂ ಮಲಗಿದವಳು ಅವನ ಹೆಂಡತಿ.

ಆಗ ಅವನಿಗೆ ಅಂಬುಬಾಯಿಯ ಮೊಮ್ಮಗನ ನೆನಪಾಯಿತು. ಬೆಳಿಗ್ಗೆ ಒಡಕಿನ ಡಬ್ಬಿಯಿಂದ ತೆಗೆದುಕೊಟ್ಟ ಪಟ್ಟಿ. ಎದ್ದುನಿಂತು ಫೋನು ಹಚ್ಚಿದ.

"ಅಂಬಕ್ಕ, ಆ ಒಡಕು ಹುಡುಗಗ ಕೊಡಬ್ಯಾಡ. ದವಾಖಾನಿಗೆ ಕರಕೊಂಡು ಹೋಗು."

ಅತ್ತ ಕಡೆಯಿಂದ ಅಂಬುಬಾಯಿಯ ನಗು ಕೇಳಿಸಿತು. "ಆಗಲೇ ಕೊಟ್ಟೆ ಅಣ್ಣಾ! ಜ್ವರ ಬಿಟ್ಟಾವ. ಈಗ ಇಲ್ಲೇ ಅಂಗಳದಾಗ ಆಡಾಕತ್ತಾನ, ಕೇಳಸ್ತೈತೇನು?" ಹಿಂದೆ ಕೂಸು ಕೇಕೆ ಹಾಕುತ್ತಿತ್ತು. "ನಿನ್ನ ಕೈಗುಣ ದೊಡ್ಡದೋ ಯಪ್ಪಾ. ಉಳದದ್ದು ಎತ್ತಿಟ್ಟೀನಿ. ನಿನ್ನ ಹೆಂಡತಿಗೂ ದೇವರು ಹಿಂಗ ಆರಾಮ ಮಾಡ್ತಾನ."

ಅವಳಿಗೆ ಏನೆಂದು ಹೇಳುವುದು? ಜ್ವರ ಬಿಟ್ಟಿದೆ, ಕೂಸು ಆಡುತ್ತಿದೆ, ಕಣ್ಣೆದುರಿಗಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಅವಳೇ ಕೇಳಿಯಾಳು. ತಾನಾಗಿಯೇ ಬಿಡುವ ನೆಗಡಿಜ್ವರ ಇತ್ತೋ ಏನೋ, ಅದನ್ನು ಫೋನಿನಲ್ಲಿ ಹೇಗೆ ತಿಳಿಸುವುದು? ಇಷ್ಟು ವರ್ಷ ಅವನೇ ಹೇಳಿಕೊಟ್ಟ ಪಾಠ ಅದು. ಓಣಿಯ ಮನೆಮನೆಯ ಗೂಡಿನಲ್ಲಿ, ಸುರಪುರದಲ್ಲಿ, ಶಹಾಪುರದಲ್ಲಿ, ಉಡಿ ತುಂಬಿಸಿಕೊಂಡು ಹೋದ ಹೆಣ್ಣುಮಕ್ಕಳ ಪೆಟ್ಟಿಗೆಗಳಲ್ಲಿ ಅವನು ಹಂಚಿದ ಪಟ್ಟಿಗಳು ಕೂತಿದ್ದವು. ಯಾರ ಯಾರ ಬಾಗಿಲಿಗೆ ಹೋಗಿ ತಿರುಗಿ ಇಸಿದುಕೊಳ್ಳುವುದು? ಅಮೃತಪ್ಪ ಹೂಂ ಎಂದು ಫೋನು ಇಟ್ಟ. ಅವನಿಗೆ ಗಟ್ಟಿಯಾಗಿ ಅಳಬೇಕೆನಿಸಿತು, ವಾರ್ಡಿನಲ್ಲಿ ಅಳುವುದಕ್ಕೂ ಜಾಗವಿರಲಿಲ್ಲ.

ಶಿವದೇವಿ ಎಚ್ಚರವಾಗಿದ್ದಳು. ಮುಖ ಊದಿತ್ತು, ತುಟಿ ಒಡೆದಿತ್ತು. ಆದರೆ ಅವತ್ತು ಕಣ್ಣು ತಿಳಿಯಾಗಿತ್ತು, ಗುರುತು ಹಿಡಿದಳು. ಅಮೃತಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಡಬ್ಬಿ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡ.

"ಎಲ್ಲಿ ಹೋಗಿದ್ರಿ? ಚೇತನ ಹೇಳಿದ, ಔಷಧ ತರಾಕ ಹೋಗ್ಯಾರಂತ."

"ಹೂಂ. ಕಂಪನಿಗೆ."

ಅವಳು ಕಣ್ಣು ಹೊರಳಿಸಿ ಡಬ್ಬಿ ನೋಡಿದಳು. ನೀಲಿ ಅಂಚು, ಬಿಳಿ ಮೈ. ಅವಳಿಗೂ ಆ ಮಾತುಗಳೆಲ್ಲ ಗೊತ್ತಿದ್ದವು, ಅವನೇ ಎಷ್ಟೋ ಸಲ ಹೇಳಿದ್ದ.

"ಪರದೇಶದ್ದೇನ್ರಿ?"

"ಹೂಂ."

"ಯವ್ವಾ! ಕೊಟ್ರಾ ನಿಮಗ?" ಅಷ್ಟು ಬಾಧೆಯಲ್ಲೂ ಅವಳ ಮುಖದಲ್ಲಿ ಒಂದು ಹಿಗ್ಗು ಕಾಣಿಸಿತು. ತನ್ನ ಗಂಡನ ಮಾತಿಗೆ ಕಂಪನಿಯಲ್ಲಿ ಅಷ್ಟು ಬೆಲೆ ಇದೆಯಲ್ಲ ಎಂಬ ಹಿಗ್ಗು. "ನನಗ ಹಾಕ್ಯಾರೇನು?"

ಚೇತನಕುಮಾರ ತಂದೆಯ ಮುಖ ನೋಡಿದ. ಅಮೃತಪ್ಪ ಮೇಲೆ ತೂಗುತ್ತಿದ್ದ ಬಾಟಲಿಯನ್ನು ನೋಡಿದ. ಹನಿ ಹನಿಯಾಗಿ ಇಳಿಯುತ್ತಿತ್ತು. ಅವನು ಜನ್ಮದಲ್ಲಿ ಹೆಂಡತಿಗೆ ದೊಡ್ಡ ಸುಳ್ಳು ಹೇಳಿದವನಲ್ಲ.

"ಹಾಕ್ಯಾರ" ಎಂದ.

"ಅದಕ್ಕ ನೋಡ್ರಿ, ಆಗಲಿಂದ ಮೈ ಹಗುರ ಅನಸಾಕತ್ತೈತಿ."

ಅವನು ಅವಳ ಕೈ ಹಿಡಿದುಕೊಂಡ. ಕೈ ಕಾಯ್ದ ಹಂಚಿನಂತೆ ಸುಡುತ್ತಿತ್ತು. ಅವಳು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. ಮಾತಾಡಬೇಡ ಎಂದು ಮಗ ಹೇಳಿದ, ಕೇಳಲಿಲ್ಲ.

"ಎಷ್ಟದಾವ ಅದರಾಗ?"

"ಹತ್ತು."

"ಹತ್ತೂ ನನಗ ಬ್ಯಾಡ್ರಿ. ಎರಡು ಹಾಕಿದ್ರ ಸಾಕು. ಉಳದದ್ದು ಮನಿಗೆ ಒಯ್ದು ಎತ್ತಿಡ್ರಿ. ಇಷ್ಟು ಚಲೋ ಔಷಧ, ನಾನೊಬ್ಬಾಕೀನೇ ಮುಗಿಸಿ ಕುಂತ್ರ ಮಂದಿಗೇನು ಕೊಡೂದು?"

ಬಾಯಿ ತೆರೆದರೆ ಏನು ಹೊರಡುತ್ತದೋ ಎಂದು ಅಮೃತಪ್ಪನಿಗೇ ಭಯವಾಯಿತು.

"ಎತ್ತಿಡ್ತೀನಿ ಅನ್ರಿ" ಎಂದಳು ಅವಳು.

"ಎತ್ತಿಡ್ತೀನಿ."

ಶಿವದೇವಿಗೆ ಸಮಾಧಾನವಾಯಿತು. ಕಣ್ಣು ಮುಚ್ಚಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಉಸಿರು ನಿಂತಿತು. ಶರ್ವರಿ ಓಡಿ ಬಂದು ಎದೆ ಒತ್ತಿದಳು, ನರ್ಸುಗಳು ಓಡಾಡಿದರು, ಚೇತನಕುಮಾರ ಗೋಡೆಗೆ ತಲೆ ಚಚ್ಚಿಕೊಂಡ. ಅಮೃತಪ್ಪ ಒಂದು ಸೀಸೆಯೂ ಕಡಿಮೆಯಾಗದ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವಳ ಕೈ ತಣ್ಣಗಾಗುವವರೆಗೂ ಹಿಡಿದುಕೊಂಡು ಕೂತಿದ್ದ. ಎಷ್ಟೋ ದಿನಗಳ ಮೇಲೆ ಅವಳ ಜ್ವರ ಇಳಿದಿತ್ತು.